ಆ ಮಗುವೂ ಊರು ನೋಡಲಿ

'ದೇಶ ಸುತ್ತು, ಕೋಶ ಓದು' ಎಂದರು ನಮ್ಮ ಹಿರಿಯರು. ಕೋಶ ಓದಲು ಕಷ್ಟಪಡುವ ಮಗುವಿಗೆ ದೇಶವನ್ನಾದರೂ ತೋರಿಸಬೇಕಲ್ಲವೇ? ನಾವು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ಬೇಸಿಗೆ ರಜೆ ಬಂತೆಂದರೆ ಬೀದಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಅಜ್ಜಿಯ ಊರು, ಮೈಸೂರು, ಜೋಗ, ಸಮುದ್ರ ತೀರ ಎಂದು ಜನ ಹೊರಡುತ್ತಾರೆ. ಬೀಗ ಬೀಳದೆ ಉಳಿದ ಮನೆಗಳಲ್ಲಿ ಒಂದೆರಡರ ಬಾಗಿಲು ತಟ್ಟಿ ನೋಡಿ. ಒಳಗೆ ಒಂದು ವಿಶೇಷ ಮಗು, ಅದರ ಪಕ್ಕದಲ್ಲಿ ತಾಯಿ. 'ಇವನನ್ನು ಕಟ್ಟಿಕೊಂಡು ಎಲ್ಲಿಗೆ ಹೋಗೋದು?' ಎಂಬ ಒಂದೇ ಮಾತು.

ಕೆಲವು ತಿಂಗಳ ಹಿಂದೆ ಇಂಥದೇ ಒಂದು ಕುಟುಂಬ ನನ್ನ ಬಳಿ ಬಂದಿತ್ತು. ಒಂಬತ್ತು ವರ್ಷದ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ. ಅಂದರೆ ಬೆಳೆಯುತ್ತಿರುವ ಮಿದುಳಿಗೆ ಹುಟ್ಟುವಾಗಲೋ ಅದರ ಹಿಂದುಮುಂದೋ ಆದ ಹಾನಿಯಿಂದ ಕೈಕಾಲುಗಳ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ. ನಡೆಯಲಾರ, ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ. 'ಎಲ್ಲೆಲ್ಲಿ ಸುತ್ತಿದ್ದೀಯಪ್ಪ?' ಎಂದು ಕೇಳಿದೆ. ತಾಯಿ ಉತ್ತರಿಸಿದರು: 'ಆಸ್ಪತ್ರೆಗೆ ಬರ್ತಾನಲ್ಲ ಡಾಕ್ಟ್ರೇ. ಹರಕೆ ತೀರಿಸೋಕೆ ಎರಡು ಸಲ ದೇವಸ್ಥಾನಕ್ಕೆ ಹೋಗಿದ್ವಿ.' ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಹನ್ನೆರಡು ವರ್ಷದ ಅಕ್ಕ ಆಗ ಬಾಯಿಬಿಟ್ಟಳು: 'ಮದುವೆಗೆ ಹೋದ್ರೆ ನಾನು, ಅಪ್ಪ ಹೋಗ್ತೀವಿ. ಅಮ್ಮ, ತಮ್ಮ ಮನೇಲೇ ಇರ್ತಾರೆ. ನಾವು ನಾಲ್ಕೂ ಜನ ಒಟ್ಟಿಗೆ ಎಲ್ಲಿಗೂ ಹೋಗೇ ಇಲ್ಲ.'

ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಒಂದೇ ಸೂರಿನಡಿ ಬದುಕುವ ಕುಟುಂಬ ಹೊಸ್ತಿಲು ದಾಟುವಾಗ ಮಾತ್ರ ಎರಡು ಹೋಳಾಗುತ್ತಿತ್ತು. ಇದು ಒಂದು ಮನೆಯ ಕಥೆಯಲ್ಲ. ಆದ್ದರಿಂದ ಈ ವಾರ ಹೊಸ ಔಷಧಿಯ ಬಗ್ಗೆ ಬರೆಯುತ್ತಿಲ್ಲ. ಮನೆಮಂದಿಯೆಲ್ಲ ಕೂಡಿ ಹೊರಗೆ ಹೋಗಿಬರುವ ಬಗ್ಗೆ ಬರೆಯುತ್ತಿದ್ದೇನೆ. ಅದೂ ಚಿಕಿತ್ಸೆಯ ಒಂದು ಭಾಗ ಎಂಬುದು ನನ್ನ ಅಭಿಪ್ರಾಯ.

ಹೊರಗೆ ಹೋದರೆ ಏನು ಲಾಭ?

ವಿಶೇಷ ಶಾಲೆಯಲ್ಲಿ, ತರಬೇತಿಯ ಕೋಣೆಯಲ್ಲಿ ಮಗುವಿಗೆ ಕಲಿಸುವುದೇನು? ಸರದಿಯಲ್ಲಿ ಕಾಯುವುದು, ಬೇಕಾದುದನ್ನು ಕೇಳುವುದು, ಹೊಸಬರ ಮುಖ ನೋಡುವುದು, ಮೆಟ್ಟಿಲು ಹತ್ತುವುದು. ಇವುಗಳ ನಿಜವಾದ ಪರೀಕ್ಷೆ ನಡೆಯುವುದು ಬಸ್ ನಿಲ್ದಾಣದಲ್ಲಿ, ಎಳನೀರಿನ ಗಾಡಿಯ ಮುಂದೆ, ಉದ್ಯಾನದ ಬೆಂಚಿನ ಮೇಲೆ. ಕೋಣೆಯೊಳಗೆ ಕಲಿತದ್ದು ಹೊರಗೆ ಬಳಕೆಯಾಗದಿದ್ದರೆ ಮರೆತುಹೋಗುತ್ತದೆ.

ಇನ್ನೊಂದು ಕಾರಣ ಬಿಸಿಲು. ಸದಾ ಮನೆಯೊಳಗೇ ಇರುವ, ಓಡಾಟವಿಲ್ಲದ ಮಕ್ಕಳಲ್ಲಿ ಡಿ ಜೀವಸತ್ವ ಕಡಿಮೆಯಾಗಿ ಮೂಳೆ ದುರ್ಬಲವಾಗುತ್ತದೆ. ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳು ಈ ಕೊರತೆಯನ್ನು ಹೆಚ್ಚಿಸುತ್ತವೆ. ಎತ್ತಿ ಮಲಗಿಸುವಾಗಲೇ ತೊಡೆಯ ಮೂಳೆ ಮುರಿದ ಮಕ್ಕಳನ್ನು ವೈದ್ಯರು ಕಂಡಿದ್ದಾರೆ.

ಮೂರನೆಯದು ಮನೆಯ ಉಳಿದವರ ಆರೋಗ್ಯ. ವರ್ಷಗಟ್ಟಲೆ ನಾಲ್ಕು ಗೋಡೆಯೊಳಗೆ ಉಳಿದ ತಾಯಿ ಮೊದಲು ನಿದ್ದೆ ಕಳೆದುಕೊಳ್ಳುತ್ತಾಳೆ, ಆಮೇಲೆ ಉತ್ಸಾಹ. ಜೊತೆಗೆ ಹುಟ್ಟಿದ ಅಕ್ಕನೋ ತಮ್ಮನೋ ಬಾಯಿಬಿಟ್ಟು ಹೇಳದಿದ್ದರೂ, 'ನಮ್ಮ ಮನೆ ಬೇರೆಯವರ ಮನೆಯಂತಲ್ಲ' ಎಂದು ಒಳಗೊಳಗೇ ಕೊರಗುತ್ತಾರೆ. ಒಂದು ಭಾನುವಾರದ ಸುತ್ತಾಟ ಇದೆಲ್ಲವನ್ನೂ ಗುಣಪಡಿಸದು. ಆದರೆ ಎಂದೂ ಹೋಗದಿರುವುದು ಇದೆಲ್ಲವನ್ನೂ ಬೆಳೆಸುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಿ

ಪಾಲಕರು ಮಾಡುವ ಮೊದಲ ತಪ್ಪೆಂದರೆ, ಹೊರಟರೆ ಒಮ್ಮೆಲೇ ಐದು ದಿನದ ಪ್ರವಾಸಕ್ಕೆ ಹೊರಡುವುದು. ಮೊದಲ ದಿನವೇ ಮಗು ಬೆದರಿ ರಂಪ ಮಾಡುತ್ತದೆ. 'ಇನ್ನು ಈ ಜನ್ಮದಲ್ಲಿ ಬೇಡ' ಎಂದು ಹಿಂದಿರುಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಅರ್ಧ ಗಂಟೆ, ಮನೆಗೆ ಹತ್ತಿರದ ಉದ್ಯಾನ ಸಾಕು. ಬಳಿಕ ಒಂದು ಗಂಟೆ, ಸ್ವಲ್ಪ ದೂರದ ಕೆರೆ. ಆಮೇಲೆ ಒಂದು ಹಗಲು. ರಾತ್ರಿ ತಂಗುವ ಪ್ರಯಾಣ ಕೊನೆಗೆ. ಬೆಂಗಳೂರಿನಲ್ಲಿರುವವರಿಗೆ ನಾನು ಹೇಳುವ ಮೊದಲ ಪಾಠ ಮೆಟ್ರೊ. ಲಿಫ್ಟ್ ಇದೆ, ಗಾಲಿಕುರ್ಚಿ ಒಳಗೆ ಹೋಗುತ್ತದೆ, ಮುಂದಿನ ನಿಲ್ದಾಣದ ಹೆಸರನ್ನು ಮೊದಲೇ ಕೂಗಿ ಹೇಳುತ್ತಾರೆ. ಜನ ಕಡಿಮೆ ಇರುವ ಮಧ್ಯಾಹ್ನ ಹತ್ತಿ ಎರಡು ನಿಲ್ದಾಣ ದಾಟಿ ಇಳಿದು ಹಿಂದಿರುಗಿ. ಅದೇ ಒಂದು ಪ್ರವಾಸ.

ಸ್ಥಳವನ್ನು ಆರಿಸುವಾಗ ಪಕ್ಕದ ಮನೆಯವರು ಹೋದದ್ದನ್ನು ನೋಡಬೇಡಿ, ನಿಮ್ಮ ಮಗುವನ್ನು ನೋಡಿ. ಆಟಿಸಂ ಇರುವ ಮಗುವಿಗೆ ಸದ್ದು, ನೂಕುನುಗ್ಗಲು ಮತ್ತು ಅನಿರೀಕ್ಷಿತ ಬದಲಾವಣೆ, ಈ ಮೂರೂ ಶತ್ರುಗಳು. ಜಾತ್ರೆಯ ತಮಟೆ, ಪಟಾಕಿ, ಧ್ವನಿವರ್ಧಕ ಅದಕ್ಕೆ ಸಂಭ್ರಮವಲ್ಲ, ನೋವು. ಅಂಥ ಮಗುವಿಗೆ ರಥೋತ್ಸವದ ದಿನಕ್ಕಿಂತ ಅದರ ಮರುವಾರದ ಖಾಲಿ ರಥಬೀದಿ ಲೇಸು. ಎರಡು ದಿನ ಮೊದಲೇ ಚಿತ್ರ ತೋರಿಸಿ ಹೇಳಿ: ಮೊದಲು ಬಸ್ಸು, ಆಮೇಲೆ ಆನೆ, ಆಮೇಲೆ ಊಟ, ಆಮೇಲೆ ಮನೆ. ಮೊಬೈಲ್‌ನಲ್ಲಿ ನಾಲ್ಕು ಫೋಟೊ ಜೋಡಿಸಿಟ್ಟುಕೊಂಡರೂ ಆಯಿತು. ಒಂದೊಂದು ಮುಗಿದಂತೆ ಮುಂದಿನದನ್ನು ತೋರಿಸಿ. ಇಷ್ಟದ ತಟ್ಟೆ, ಪರಿಚಿತ ಹೊದಿಕೆ, ಕಿವಿಮುಚ್ಚುವ ಸಾಧನ ಚೀಲದಲ್ಲಿರಲಿ.

ನಡೆಯಲಾರದ ಮಗುವಿದ್ದರೆ ಮೊದಲು ವಿಚಾರಿಸಬೇಕಾದುದು ಮೆಟ್ಟಿಲಿನ ಸಂಗತಿ. ಮೈಸೂರಿನ ಚಾಮರಾಜೇಂದ್ರ ಮೃಗಾಲಯ 1892ರಷ್ಟು ಹಳೆಯದಾದರೂ ಅಲ್ಲಿ ಬ್ಯಾಟರಿ ವಾಹನದಲ್ಲಿ ಕುಳಿತು ಸುತ್ತಬಹುದು. ಮಂಗಳವಾರ ಬಾಗಿಲು ಮುಚ್ಚಿರುತ್ತದೆ ಎಂಬುದು ನೆನಪಿರಲಿ. ಉಳಿದ ವಾರದ ದಿನಗಳ ಬೆಳಗಿನ ಹೊತ್ತು ಶನಿವಾರ, ಭಾನುವಾರಗಳಿಗಿಂತ ಎಷ್ಟೋ ಮೇಲು. ಹಂಪೆಯಲ್ಲಿ ವಿಜಯ ವಿಠ್ಠಲ ದೇವಾಲಯದವರೆಗೆ ಬ್ಯಾಟರಿ ವಾಹನವಿದೆ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲಿದ್ದರೂ ಮೇಲಿನವರೆಗೆ ರಸ್ತೆಯಿದೆ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಲ್ಲಿ. ಡೋಲಿಯವರು ಹೊತ್ತೊಯ್ಯುತ್ತಾರೆ, ಆದರೆ ಕುತ್ತಿಗೆ ನಿಲ್ಲದ ಮಗುವನ್ನು ಡೋಲಿಯಲ್ಲಿ ಒಂಟಿಯಾಗಿ ಕೂರಿಸಬೇಡಿ. ಜೋಗದಲ್ಲಿ ಕೆಳಗಿಳಿಯಲೇಬೇಕೆಂದಿಲ್ಲ. ಮೇಲಿನಿಂದ ಕಂಡರೂ ಜಲಪಾತ ಜಲಪಾತವೇ.

ಇನ್ನೊಂದು ಸೂತ್ರ: ಮಗು ನಗುತ್ತಿರುವಾಗಲೇ ಹಿಂದಿರುಗಿ. ಟಿಕೆಟ್ ಕೊಂಡಿದ್ದೇವೆ, ಪೂರ್ತಿ ನೋಡಿಯೇ ಹೋಗೋಣ ಎಂಬ ಹಠ ಬೇಡ. ಅರ್ಧ ನೋಡಿ ಸಂತೋಷವಾಗಿ ಬಂದ ಮಗು ಮುಂದಿನ ಸಲ ತಾನೇ ಚಪ್ಪಲಿ ಹುಡುಕುತ್ತದೆ.

ಔಷಧಿ, ನಿದ್ದೆ, ಊಟ: ಇಲ್ಲಿ ಮೈಮರೆಯಬೇಡಿ

ಪ್ರವಾಸದಲ್ಲಿ ಫಿಟ್ಸ್ ಬರಲು ದೇವರ ಕೋಪ ಕಾರಣವಲ್ಲ. ನಾವೇ ಕಾರಣ. ನಮ್ಮ ಪದ್ಧತಿಯನ್ನೇ ನೋಡಿ. ರಾತ್ರಿ ಬಸ್ಸಿಗೆ ಹೊರಡುತ್ತೇವೆ, ಮಗುವಿಗೆ ನಿದ್ದೆಯಿಲ್ಲ. ಬೆಳಿಗ್ಗೆ ದರ್ಶನ ಮುಗಿಯುವವರೆಗೆ ಏನೂ ತಿನ್ನಬಾರದೆನ್ನುತ್ತೇವೆ, ಹೊಟ್ಟೆಗಿಲ್ಲ. ಮಾತ್ರೆ ಡಿಕ್ಕಿಯಲ್ಲಿಟ್ಟ ಪೆಟ್ಟಿಗೆಯಲ್ಲಿರುತ್ತದೆ, ಹೊತ್ತಿಗೆ ಸರಿಯಾಗಿ ಔಷಧಿಯಿಲ್ಲ. ನಿದ್ದೆಗೇಡು, ತಪ್ಪಿದ ಮಾತ್ರೆ, ಹಸಿವು ಮೂರೂ ಸೇರಿದರೆ ಹತೋಟಿಯಲ್ಲಿದ್ದ ಫಿಟ್ಸ್ ಕೂಡ ಮರುಕಳಿಸುತ್ತದೆ. ಆದ್ದರಿಂದ ಹಗಲು ಪ್ರಯಾಣ ಮಾಡಿ. ಮಗುವಿಗೆ ಉಪವಾಸ ಬೇಡ. ಯಾವ ದೇವರೂ ಅದನ್ನು ತಪ್ಪೆನ್ನುವುದಿಲ್ಲ. ಮಾತ್ರೆ ಕೈಚೀಲದಲ್ಲಿರಲಿ, ಬೇಕಾದುದಕ್ಕಿಂತ ಮೂರು ದಿನದಷ್ಟು ಹೆಚ್ಚಿರಲಿ, ವೈದ್ಯರ ಚೀಟಿಯ ಒಂದು ಪ್ರತಿ ಜೊತೆಗಿರಲಿ.

ದಾರಿಯಲ್ಲಿ ಫಿಟ್ಸ್ ಬಂದರೆ ಹೀಗೆ ಮಾಡಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಕುತ್ತಿಗೆಯ ಗುಂಡಿ ಸಡಿಲಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬಟ್ಟೆ, ಬೆರಳು, ನೀರು ಯಾವುದನ್ನೂ ಹಾಕಬೇಡಿ. ಕೈಗೆ ಬೀಗದ ಕೈ ಗೊಂಚಲು ಕೊಡುವುದು, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ ಹಿಡಿಯುವುದು ನಿಷ್ಪ್ರಯೋಜಕ. ಸೆಟೆದ ಕೈಕಾಲನ್ನು ಒತ್ತಿ ಹಿಡಿಯಬೇಡಿ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ ತಡಮಾಡದೆ 108ಕ್ಕೆ ಕರೆಮಾಡಿ. ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ನಿಮ್ಮ ಮಗುವಿಗೆ ಬೇಕೇ, ಎಷ್ಟು ಎಂಬುದನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ ಬರೆಸಿಕೊಳ್ಳಿ.

ಬೇಸಿಗೆಯಲ್ಲಿ ಮತ್ತೊಂದು ಎಚ್ಚರಿಕೆ. ಫಿಟ್ಸ್‌ಗೆ ಕೊಡುವ ಟೊಪಿರಾಮೇಟ್, ಜೋನಿಸಮೈಡ್ ಎಂಬ ಮಾತ್ರೆಗಳು ಕೆಲವು ಮಕ್ಕಳಲ್ಲಿ ಬೆವರನ್ನು ಕಡಿಮೆ ಮಾಡುತ್ತವೆ. ಬೆವರದಿದ್ದರೆ ಮೈ ತಣಿಯದು, ಬಿಸಿಲಿನಲ್ಲಿ ಜ್ವರ ಏರಿದಂತಾಗುತ್ತದೆ. ಇಂಥ ಮಕ್ಕಳನ್ನು ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿಡಿ, ಆಗಾಗ ನೀರು ಕೊಡಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ. ಆದರೆ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಓಡುವ ಬಸ್ಸಿನಲ್ಲಿ, ಮಲಗಿಸಿಕೊಂಡು ತಿನ್ನಿಸಬೇಡಿ. ಆಹಾರ ಶ್ವಾಸನಾಳಕ್ಕೆ ಹೋಗುವ ಭಯವಿದೆ. ನಿಲ್ಲಿಸಿ, ನೆಟ್ಟಗೆ ಕೂರಿಸಿ, ನಿಧಾನವಾಗಿ ಕೊಡಿ. ಎರಡು ಗಂಟೆಗೊಮ್ಮೆ ಇಳಿಸಿ ಕೈಕಾಲು ನೀಡಿಸಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಕೀಲು ಸಡಿಲವಾಗಿರಬಹುದು. ತಲೆಯನ್ನು ಜಗ್ಗಿ ಎಳೆಯುವ, ಬುಡಮೇಲು ಮಾಡುವ ಯಂತ್ರದಾಟಗಳು ಅವರಿಗೆ ಬೇಡ. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದ ಹೃದಯದ ತೊಂದರೆಯೂ ಇರುವುದರಿಂದ ಬೆಟ್ಟ ಹತ್ತಿಸುವ ಮೊದಲು ವೈದ್ಯರನ್ನು ಕೇಳಿ. ಘಾಟಿ ರಸ್ತೆಯಲ್ಲಿ ವಾಂತಿಯಾಗುವ ಮಗುವಿಗೆ ಅಂಗಡಿಯಿಂದ ಸುಮ್ಮನೆ ಮಾತ್ರೆ ತಂದು ಕೊಡಬೇಡಿ. ಈಗಾಗಲೇ ಕೊಡುತ್ತಿರುವ ಔಷಧಿಯ ಜೊತೆ ಅದು ಹೊಂದದಿರಬಹುದು.

ಎಲ್ಲಕ್ಕಿಂತ ದೊಡ್ಡ ಭಯ, ಕೈ ತಪ್ಪಿ ಹೋಗುವುದು. ಆಟಿಸಂ ಇರುವ ಹಲವು ಮಕ್ಕಳಿಗೆ ಅಪಾಯದ ಅರಿವು ಕಡಿಮೆ, ನೀರೆಂದರೆ ಸೆಳೆತ. ಕೆರೆ, ಕಲ್ಯಾಣಿ, ಸಮುದ್ರದ ಹತ್ತಿರ 'ಎಲ್ಲರೂ ನೋಡ್ಕೊಳ್ತಾರೆ' ಎಂದರೆ ಯಾರೂ ನೋಡುವುದಿಲ್ಲ. ಈ ಅರ್ಧ ಗಂಟೆ ಅಪ್ಪ, ಮುಂದಿನ ಅರ್ಧ ಗಂಟೆ ಅಮ್ಮ ಎಂದು ಬಾಯಿಬಿಟ್ಟು ಹಂಚಿಕೊಳ್ಳಿ. ಅಂಗಿಯ ಒಳಮಗ್ಗುಲಲ್ಲಿ ಪಾಲಕರ ಫೋನ್ ಸಂಖ್ಯೆ ಬರೆದ ಬಟ್ಟೆಯ ತುಂಡನ್ನು ಹೊಲಿದುಬಿಡಿ. ಹೊರಡುವ ಬೆಳಿಗ್ಗೆ ಮಗುವಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಬಣ್ಣದ ಅಂಗಿ ಎಂಬುದು ಗಾಬರಿಯಲ್ಲಿ ನೆನಪಾಗುವುದಿಲ್ಲ. ಮಗು ಕಾಣದಾದರೆ ಮೊದಲು ನೀರಿನ ಕಡೆಗೆ ಓಡಿ.

ಜನರ ಕಣ್ಣು

ಇಷ್ಟೆಲ್ಲ ಹೇಳಿದ ಮೇಲೂ ಪಾಲಕರು ಹಿಂಜರಿಯುವುದು ಫಿಟ್ಸ್‌ಗಲ್ಲ, ಜನರ ನೋಟಕ್ಕೆ. ಮದುವೆ ಮನೆಯಲ್ಲಿ ದೂರದ ಅತ್ತೆ ಕೇಳುತ್ತಾರೆ: 'ಇನ್ನೂ ಮಾತು ಬಂದಿಲ್ವಾ? ಯಾರ ಕಡೆಯಿಂದ ಬಂತಂತೆ?' ಇದಕ್ಕೆ ಒಂದು ಉತ್ತರವನ್ನು ಮನೆಯಲ್ಲೇ ಸಿದ್ಧಮಾಡಿಕೊಳ್ಳಿ. 'ಅವನಿಗೆ ಆಟಿಸಂ ಇದೆ ಅತ್ತೆ, ಕಲೀತಿದ್ದಾನೆ. ಊಟ ಆಯ್ತಾ ನಿಮ್ದು?' ಇಷ್ಟು ಸಾಕು. ಉದ್ದ ವಿವರಣೆಯನ್ನು ನೀವು ಯಾರಿಗೂ ಕೊಡಬೇಕಾಗಿಲ್ಲ. ಅಣ್ಣತಂಗಿಯರಿಗೂ ಈ ಎರಡು ಮಾತು ಕಲಿಸಿ. ನಾಚಿಕೆ ನಮ್ಮ ಮುಖದಲ್ಲಿ ಕಾಣದಿದ್ದರೆ ಮಕ್ಕಳ ಮುಖಕ್ಕೆ ಅದು ಬರುವುದಿಲ್ಲ.

ಇಂಥ ಮಗು ಮನೆಯಲ್ಲಿಲ್ಲದ ಓದುಗರಿಗೂ ಒಂದು ಮಾತು. ಬಸ್ಸಿನಲ್ಲಿ ಮಗುವೊಂದು ಕಿರುಚುತ್ತ ನೆಲಕ್ಕೆ ಬಿದ್ದು ಹೊರಳಿದರೆ 'ಎಂಥಾ ಮುದ್ದು ಮಾಡಿ ಕೆಡಿಸಿದ್ದಾರೆ' ಎನ್ನಬೇಡಿ. ಗುಂಪುಗೂಡಬೇಡಿ, ಅಯ್ಯೋ ಪಾಪ ಎನ್ನಬೇಡಿ, ಮೊಬೈಲ್ ತೆಗೆಯಬೇಡಿ. ಸ್ವಲ್ಪ ಜಾಗ ಬಿಡಿ. 'ಏನಾದ್ರೂ ಸಹಾಯ ಬೇಕೇನಮ್ಮಾ?' ಎಂದು ಒಮ್ಮೆ ಕೇಳಿ ಸುಮ್ಮನಾಗಿ. ಗಾಲಿಕುರ್ಚಿಯ ಮಗುವನ್ನು ನೋಡಿ ನಿಮ್ಮ ಮಗು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. 'ಹೋಗಿ ಹೆಸರೇನು ಅಂತ ಕೇಳು' ಎನ್ನಿ. ಮದುವೆಗೆ ಕರೆಯುವಾಗ 'ಮಗನನ್ನೂ ಕರ್ಕೊಂಡು ಬನ್ನಿ' ಎಂದು ಬಾಯಿಬಿಟ್ಟು ಹೇಳಿ. ಆ ಒಂದು ಮಾತಿಗಾಗಿ ಕಾದಿರುವ ಮನೆಗಳಿವೆ.

ದಯೆಯಲ್ಲ, ಹಕ್ಕು

ಇನ್ನು ಸರ್ಕಾರದ ವಿಷಯ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ನ್ಯೂನತೆಗಳನ್ನಷ್ಟೇ ಗುರುತಿಸಿತ್ತು. ಆಟಿಸಂನ ಹೆಸರು ಅದರಲ್ಲಿರಲಿಲ್ಲ. ಅದರ ಜಾಗಕ್ಕೆ ಬಂದ 2016ರ ಕಾಯ್ದೆ 21 ಬಗೆಗಳನ್ನು ಹೆಸರಿಸಿತು. ಅಷ್ಟೇ ಅಲ್ಲ, ಮನರಂಜನೆಯಲ್ಲಿ, ಸಾಂಸ್ಕೃತಿಕ ಬದುಕಿನಲ್ಲಿ ಇತರರಂತೆ ಭಾಗವಹಿಸುವುದೂ ಹಕ್ಕು ಎಂದು ಅದರ 29ನೆಯ ಕಲಮು ಹೇಳುತ್ತದೆ. ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾರ್ಪಡಿಸಲು ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷ ಗಡುವಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ರಲ್ಲೇ ಮುಗಿಯಿತು. ಈ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

ಆದರೆ ನಿಮ್ಮ ಊರಿನಲ್ಲಿ ಒಮ್ಮೆ ಸುತ್ತಿ ನೋಡಿ. ಇಳಿಜಾರು ಹಾದಿ ಇರುತ್ತದೆ, ಅದರ ತುದಿಯಲ್ಲಿ ಒಂದು ಮೆಟ್ಟಿಲೂ ಇರುತ್ತದೆ. ವಿಶೇಷ ಶೌಚಾಲಯ ಎಂಬ ಫಲಕವಿರುತ್ತದೆ, ಬಾಗಿಲಿಗೆ ಬೀಗವಿರುತ್ತದೆ. ಹದಿನಾಲ್ಕು ವರ್ಷದ ಮಗನನ್ನು ಹೊತ್ತು ತಾಯಿಯೊಬ್ಬಳು ಯಾವ ಶೌಚಾಲಯಕ್ಕೆ ಹೋಗಬೇಕು? ಬಟ್ಟೆ ಬದಲಿಸಲು ದೊಡ್ಡ ಮಗುವನ್ನು ಎಲ್ಲಿ ಮಲಗಿಸಬೇಕು? ನನ್ನನ್ನು ಕೇಳಿದರೆ, ಹೊರಗೆ ಹೋಗದಂತೆ ಕುಟುಂಬಗಳನ್ನು ಕಟ್ಟಿಹಾಕಿರುವ ಮೊದಲ ಸಂಕೋಲೆ ಇದೇ. ಹೊಸ ಪ್ರತಿಮೆ, ಸಂಗೀತ ಕಾರಂಜಿಗಳಿಗೆ ಮೊದಲು ಪ್ರತಿ ಪ್ರವಾಸಿ ತಾಣದಲ್ಲೂ ಒಂದು ಅಗಲವಾದ, ಶುಚಿಯಾದ, ಬೀಗವಿಲ್ಲದ ಕೋಣೆ ಬೇಕು. ಅದಾಗುವವರೆಗೆ ನಿಮ್ಮ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಹಾಳೆ, ಹಳೆಯ ಸೀರೆ, ಎರಡು ಜೊತೆ ಬಟ್ಟೆ ಇರಲೇಬೇಕು.

ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ಸಾಕ್ಷಿಗಳೂ ಇವೆ. ಚೆನ್ನೈನ ಮರೀನಾ ಕಡಲತೀರದಲ್ಲಿ ಗಾಲಿಕುರ್ಚಿ ಮರಳು ದಾಟಿ ನೀರಿನ ಹತ್ತಿರ ಹೋಗಲೆಂದು 2022ರಲ್ಲಿ ಮರದ ಹಾದಿ ನಿರ್ಮಿಸಿದರು. ಮುಂದಿನ ತಿಂಗಳೇ ಬಂದ ಚಂಡಮಾರುತ ಅದನ್ನು ಹಾಳುಗೆಡವಿದರೂ ಆ ಕೆಲಸ ಸಾಧ್ಯವೆಂಬುದು ಸಾಬೀತಾಗಿತ್ತು. ನಮ್ಮ ಮಲ್ಪೆ, ಪಣಂಬೂರು, ಕಾರವಾರಗಳ ಮರಳೇನು ಬೇರೆಯೇ? ಬೆಂಗಳೂರಿನ ಕೋಲ್ಸ್ ಪಾರ್ಕ್‌ನಲ್ಲಿ ವಿಶೇಷ ಮಕ್ಕಳೂ ಉಳಿದ ಮಕ್ಕಳೂ ಒಟ್ಟಿಗೆ ಆಡುವ ಜಾಗ ರೂಪುಗೊಂಡದ್ದು 'ಕಿಲಿಕಿಲಿ' ಎಂಬ ಪಾಲಕರ ಸಂಸ್ಥೆಯ ಪ್ರಯತ್ನದಿಂದ. ಬೇರೆ ಊರುಗಳ ಪಾಲಕರೂ ಹತ್ತು ಮಂದಿ ಒಟ್ಟಾಗಿ ನಗರಸಭೆಯ ಬಾಗಿಲು ತಟ್ಟಬಹುದು.

ಇರುವ ಸೌಲಭ್ಯಗಳನ್ನಾದರೂ ಪಡೆಯಿರಿ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನು ಮೊದಲು ಮಾಡಿಸಿ. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ದೈಹಿಕ ನ್ಯೂನತೆ ಅಥವಾ ಬುದ್ಧಿಮಾಂದ್ಯತೆ ಇರುವವರಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಮೂಲ ದರದ ಶೇ. 75ರಷ್ಟು ರಿಯಾಯಿತಿಯಿದೆ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿಯಿದೆ. ಇದಕ್ಕೆ ರೈಲ್ವೆ ಕೇಳುವ ನಮೂನೆಯಲ್ಲೇ ವೈದ್ಯರ ಪ್ರಮಾಣಪತ್ರ ಬೇಕು. ಸಾರಿಗೆ ಸಂಸ್ಥೆಯ ಬಸ್ಸುಗಳಿಗೂ ರಿಯಾಯಿತಿ ಪಾಸು ಸಿಗುತ್ತದೆ. ರಜೆ ಶುರುವಾಗುವ ಎರಡು ತಿಂಗಳು ಮೊದಲೇ ಓಡಾಡಿ ಇವನ್ನು ಮುಗಿಸಿಕೊಳ್ಳಿ.

ಆರಂಭದಲ್ಲಿ ಹೇಳಿದ ಕುಟುಂಬ ಏನಾಯಿತೆಂದು ನೀವು ಕೇಳಬಹುದು. ಒಂದು ಬುಧವಾರ ತಂದೆ ರಜೆ ಹಾಕಿ, ನಾಲ್ವರೂ ಊರ ಹೊರಗಿನ ಕೆರೆ ಏರಿಗೆ ಹೋದರಂತೆ. ದೊಡ್ಡ ಯಶಸ್ಸೇನಲ್ಲ. ಗಾಲಿಕುರ್ಚಿಯ ಚಕ್ರ ಮಣ್ಣಿನಲ್ಲಿ ಹೂತು ತಂದೆ ಮಗನನ್ನು ಹೊತ್ತುಕೊಳ್ಳಬೇಕಾಯಿತು. ತಂದ ಚಿತ್ರಾನ್ನ ಅರ್ಧ ಚೆಲ್ಲಿತು. ಮುಕ್ಕಾಲು ಗಂಟೆಗೆ ಹುಡುಗ ದಣಿದ, ಹಿಂದಿರುಗಿದರು. ಮುಂದಿನ ಸಲ ನನ್ನ ಬಳಿ ಬಂದಾಗ ತಾಯಿ ಔಷಧಿ ಚೀಟಿ ತೆಗೆಯುವ ಮೊದಲೇ ಮಗಳು ಮೊಬೈಲ್ ಮುಂದೆ ಚಾಚಿದಳು. ಫೋಟೊದಲ್ಲಿ ನಾಲ್ವರೂ ಇದ್ದರು. ಯಾರೋ ದಾರಿಹೋಕರು ತೆಗೆದುಕೊಟ್ಟದ್ದಂತೆ. 'ಕೊಕ್ಕರೆ ಹಾರಿದಾಗ ಇವನು ಎಷ್ಟು ಜೋರಾಗಿ ನಕ್ಕ ಗೊತ್ತಾ ಡಾಕ್ಟ್ರಂಕಲ್!' ಎಂದಳು. ಹುಡುಗ ಆಗಲೂ ನಗುತ್ತಿದ್ದ.

ಈ ಭಾನುವಾರ ನೀವು ಎಲ್ಲಿಗೆ ಹೋಗುತ್ತೀರಿ? ದೂರ ಬೇಡ, ಹತ್ತಿರಕ್ಕೇ ಹೋಗಿ. ಆದರೆ ಯಾರನ್ನೂ ಮನೆಯಲ್ಲಿ ಬಿಟ್ಟು ಹೋಗಬೇಡಿ.